ಕಾನ್ಪುರಕ್ಕೆ ಹೋದ ಹಿತ್ತಾಳೆ ಸೇರು

ನಮ್ಮ ಮನೆಯಲ್ಲಿ ಡಿಗ್ರಿ ಅನ್ನುವುದು ಆಗದ ಮಾತು ಅಂತ ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ಹೊಟ್ಟೆಕಿಚ್ಚಿಗೆ ಹೇಳಿದ್ದಲ್ಲ. ರಾಗಿ ಬಿತ್ತಿದರೆ ಭತ್ತ ಬೆಳೆಯಲ್ಲ ಅನ್ನುವಷ್ಟೇ ಖಾತ್ರಿಯಾಗಿ ಹೇಳಿದರು. ನಾನು ಪಿಯುಸಿ ಪಾಸಾದ ವಾರ ನಮ್ಮ ಜಗುಲಿ ಮೇಲೆ ಕೂತು ಅಪ್ಪನಿಗೆ ಅಂದರು: "ಗುಜರಿ ಅಂಗ್ಡೀಲಿ ಇತ್ತಾಳೆ ಆರ್ಸೋನ ಮಗಳು ಡಿಗ್ರಿ ಮಾಡದು ಅಂದ್ರೆ ಕಪಿಲೆ ನರಸೀಪುರದಿಂದ ನಂಜನಗೂಡಿಗೆ ವಾಪಸ್ ಅರ್ದಂಗೆ ಕಣ್ಲಾ. ಆಗಕಿಲ್ಲ, ಬುಡು."

ಅಪ್ಪ ಬೀಡಿ ಆರಿಸುತ್ತಾ, "ಅತ್ಲಾಗೆ ಬಸ್ಸು ಓಯ್ತದಲ್ಲಣ್ಣ," ಅಂದ.

ಆ ಬಸ್ಸಿನಲ್ಲೇ ನಾನು ಮೂರು ವರ್ಷ ಓಡಾಡಿದ್ದು. ನಮ್ಮ ಮನೆ ಇದ್ದದ್ದು ತಿರುಮಕೂಡಲು ನರಸೀಪುರದಲ್ಲಿ, ನನಗೆ ಬಿಬಿಎಂ ಸೀಟು ಸಿಕ್ಕಿದ್ದು ನಂಜನಗೂಡಿನಲ್ಲಿ. ಬೆಳಿಗ್ಗೆ ಮುದ್ದೆ ಉಂಡು ಹೊರಟರೆ ಸುತ್ತೂರಿನ ತನಕ ನಿಂತೇ ಹೋಗಬೇಕು. ಅಲ್ಲಿ ಸ್ಕೂಲು ಮಕ್ಕಳು ಇಳಿದ ಮೇಲೆ ಸೀಟು. ಇಂಗ್ಲಿಷಿನಲ್ಲಿ ಪಾಠ, ಇಂಗ್ಲಿಷಿನಲ್ಲಿ ಪರೀಕ್ಷೆ. ಮೊದಲನೇ ವರ್ಷ ನಾನು ಕ್ಲಾಸಿನಲ್ಲಿ ಬಾಯಿ ಬಿಟ್ಟದ್ದೇ ಕಡಿಮೆ. ಯಾರೂ ಹೇಳಿಕೊಡುವವರಿಲ್ಲದ ಮನೆಯಿಂದ ಬಂದು ನಾನು ಅದನ್ನೆಲ್ಲ ದಾಟಿದೆ. ಅದು ಸಣ್ಣ ಮಾತಲ್ಲ, ಸಣ್ಣದು ಅಂತ ಹೇಳಿಕೊಳ್ಳುವ ನಾಚಿಕೆಯೂ ನನಗಿಲ್ಲ.

ಕಡೇ ಸೆಮಿಸ್ಟರಿನಲ್ಲಿ ಪ್ರಾಜೆಕ್ಟು ಬಂತು. ಒಂದು ವ್ಯಾಪಾರವನ್ನು ಹತ್ತಿರದಿಂದ ನೋಡಿ ವರದಿ ಬರೆಯಬೇಕು. ಮೈಸೂರಿನಿಂದ ಎಕ್ಸ್‌ಟರ್ನಲ್ ಪರೀಕ್ಷಕರು ಬಂದು ಎದುರು ಕೂರಿಸಿಕೊಂಡು ಪ್ರಶ್ನೆ ಕೇಳಿ ವೈವಾ ಮಾಡುತ್ತಾರೆ. ಅದರಲ್ಲಿ ಫೇಲಾದರೆ ಡಿಗ್ರಿ ಇಲ್ಲ, ಮತ್ತೊಂದು ವರ್ಷ ಕಾಯಬೇಕು. ನಮ್ಮ ಮನೆಯಲ್ಲಿ ಮತ್ತೊಂದು ವರ್ಷ ಅನ್ನುವುದು ಇರಲಿಲ್ಲ. ಗಂಡಿನ ಕಡೆಯವರು ಆಗಲೇ ಎರಡು ಸಲ ಬಂದು ಕಾಫಿ ಕುಡಿದು ಹೋಗಿದ್ದರು. "ಡಿಗ್ರಿ ಮುಗೀಲಿ" ಅನ್ನುವ ಒಂದು ಮಾತಿನ ಮೇಲೆ ಅಪ್ಪ ಅವರನ್ನು ನಿಲ್ಲಿಸಿಕೊಂಡಿದ್ದ. ಡಿಗ್ರಿ ಮುಂದಕ್ಕೆ ಹೋದರೆ ಮದುವೆ ಅದಕ್ಕಾಗಿ ಕಾಯುತ್ತಿರಲಿಲ್ಲ.

ನನ್ನ ಜೊತೆಯವರು ಬಹಳ ಜನ ಜೆರಾಕ್ಸ್ ಅಂಗಡಿಯಲ್ಲಿ ರೆಡಿಮೇಡ್ ಪ್ರಾಜೆಕ್ಟು ಕೊಂಡರು, ಹೆಸರು ಬದಲಾಯಿಸಿ ಬೈಂಡ್ ಮಾಡಿಸಿದರೆ ಮುಗಿಯಿತು. ನನಗೆ ಆ ದಾರಿ ತಲೆಗೆ ಬರುವ ಮುಂಚೆ ಬೇರೊಂದು ಬಂತು. ನಂಜನಗೂಡಿನ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಸೈಬರ್ ಕೆಫೆ ಇತ್ತು. ಮೊದಲು ಎಸ್‌ಟಿಡಿ ಬೂತು ಇಟ್ಟಿದ್ದವರು ಅದನ್ನೇ ಅಗಲ ಮಾಡಿ ನಾಲ್ಕು ಕಂಪ್ಯೂಟರ್ ಹಾಕಿದ್ದರು. ಆ ಅಂಗಡಿಯವರಿಗೆ ಹಳೇ ನಾಣ್ಯದ ಹುಚ್ಚು. ಇಂಟರ್ನೆಟ್ಟಿನಲ್ಲಿ ಹರಾಜು ಕೂಗುವ ಸೈಟೊಂದರಲ್ಲಿ ನಾಣ್ಯ ಕೊಳ್ಳುತ್ತಿದ್ದರು. ಒಂದು ದಿನ ನಾನು ಪಕ್ಕದಲ್ಲಿ ಕೂತಿದ್ದಾಗ ಪರದೆಯ ಮೇಲೆ ಒಂದು ಹಿತ್ತಾಳೆ ಗಿಂಡಿ ಬಂತು. ಮೂರು ಜನ ಅದಕ್ಕೆ ಬೆಲೆ ಏರಿಸುತ್ತಿದ್ದರು. ಅಂಥ ಗಿಂಡಿಯನ್ನು ನಮ್ಮಪ್ಪ ದಿನಾ ಕಾಲಿನಲ್ಲಿ ಒತ್ತಿ ಚೀಲಕ್ಕೆ ತುಂಬುತ್ತಿದ್ದ, ಕರಗಿಸಲು ಕಳಿಸುವುದಕ್ಕೆ.

ಗುಜರಿಯ ಹಳೇ ಸಾಮಾನನ್ನು ಆ ಸೈಟಿನಲ್ಲಿ ಮಾರಿ ಅದನ್ನೇ ಪ್ರಾಜೆಕ್ಟು ಮಾಡುತ್ತೇನೆ ಅಂತ ನಮ್ಮ ಗೈಡು ಮೇಡಂಗೆ ಹೇಳಿದೆ. ಅವರು ಒಪ್ಪಿದರು, ಒಂದು ಷರತ್ತಿನ ಮೇಲೆ. "ನಿನ್ನ ಖಾತೆ ವೈವಾ ದಿನ ಕಂಪ್ಯೂಟರಿನಲ್ಲಿ ತೆರೆಯಬೇಕು. ಎಕ್ಸ್‌ಟರ್ನಲ್ ಕಣ್ಣಾರೆ ನೋಡಬೇಕು. ಇಲ್ಲದಿದ್ದರೆ ಇದನ್ನೂ ಜೆರಾಕ್ಸ್ ಅಂಗಡಿ ಕತೆ ಅನ್ನುತ್ತಾರೆ. ಆಮೇಲೆ ನಾನೇನೂ ಮಾಡೋಕಾಗಲ್ಲ."

ಹೀಗೆ ನಮ್ಮ ಮನೆ ಒಂದು ಅಂಗಡಿಯಾಯಿತು. ಅಪ್ಪ ತನ್ನ ಸಾಹುಕಾರರನ್ನು ಕೇಳಿ, ಚೆನ್ನಾಗಿರುವ ಹಳೇ ಸಾಮಾನನ್ನು ಗುಜರಿ ರೇಟಿಗೆ ಎತ್ತಿಟ್ಟುಕೊಂಡು ಬರುತ್ತಿದ್ದ. ದೀಪ, ಅಡಕತ್ತರಿ, ಸುಣ್ಣದ ಡಬ್ಬಿ. ನಾನು ಫೋಟೋ ತೆಗೆಸಿ ಸೈಟಿಗೆ ಹಾಕುವೆ. ಮೊದಲನೇ ದೀಪಕ್ಕೆ ಅವ್ವ ಹುಣಸೆಹಣ್ಣು ಹಚ್ಚಿ ಬೂದಿಯಲ್ಲಿ ತಿಕ್ಕಿ ಚಿನ್ನದ ಹಾಗೆ ಮಾಡಿಬಿಟ್ಟಳು. ಕೊಂಡವರು, ಹಳೇ ಸಾಮಾನಿನ ಹಳತನವನ್ನೇ ತೊಳೆದುಹಾಕಿದ್ದೀರಿ ಅಂತ ಬೇಸರಪಟ್ಟು ಬರೆದರು. ಅವ್ವನಿಗೆ ಹೇಳಿದಾಗ, "ಕೊಳೆ ಬೇಕಂತ ದುಡ್ ಕೊಟ್ಟಾರಾ?" ಅಂದಳು. ಆಮೇಲೆ ತಿಕ್ಕಲಿಲ್ಲ, ಆದರೆ ನಂಬಲೂ ಇಲ್ಲ.

ಪಾರ್ಸೆಲ್ ಕಟ್ಟುವುದು ಮಾತ್ರ ಪೂರ್ತಿ ಅವ್ವನ ಕೆಲಸ. ಹಳೇ ಪಂಚೆ ಬಟ್ಟೆಯಲ್ಲಿ ಸುತ್ತಿ, ಗೋಣಿಚೀಲ ಹೊಲಿಯುವ ದಬ್ಬಳದಲ್ಲಿ ಹೊಲಿಯುತ್ತಿದ್ದಳು. ಭಾನುವಾರ ಹೊಲಿದಿಟ್ಟದ್ದನ್ನು ಸೋಮವಾರ ನಾನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ನಂಜನಗೂಡಿಗೆ ತಂದು ಅಂಚೆಗೆ ಹಾಕುವುದು. ಅಂಚೆ ಖರ್ಚು ಇಷ್ಟು ಅಂತ ಸೈಟಿನಲ್ಲಿ ಮೊದಲೇ ಬರೆಯಬೇಕಾಗಿತ್ತು. ಅದಕ್ಕೆ ನಾನು ಅಪ್ಪನ ಅಂಗಡಿಯ ತಕ್ಕಡಿಯಲ್ಲಿ ಸಾಮಾನು ತೂಗಿ, ಬಟ್ಟೆ ರಟ್ಟಿಗೆ ಅಂತ ಸ್ವಲ್ಪ ಸೇರಿಸಿ ಲೆಕ್ಕ ಹಾಕುತ್ತಿದ್ದೆ. ಕೊಂಡವರು ಆ ಲೆಕ್ಕದಂತೆ ಕಳಿಸುತ್ತಿದ್ದರು. ಸಾಮಾನು ತಲುಪಿದ ಮೇಲೆ ನನ್ನ ಹೆಸರಿನ ಮುಂದೆ ಒಂದು ಒಳ್ಳೇ ಮಾತು ಬರೆದರೆ ಹಸಿರು ಗುರುತು ಬೀಳುತ್ತಿತ್ತು, ಕೆಟ್ಟ ಮಾತು ಬರೆದರೆ ಕೆಂಪು. ಸೈಟಿನವರು ಅದನ್ನು ಫೀಡ್‌ಬ್ಯಾಕ್ ಅನ್ನುತ್ತಿದ್ದರು. ಮೊದಲನೇ ದೀಪದವರು ಬೇಸರಪಟ್ಟರೂ ಹಸಿರೇ ಕೊಟ್ಟಿದ್ದರು, ಹಾಗಾಗಿ ನನಗೆ ಬರೀ ಹಸಿರು ಇತ್ತು. ಬಿಡುವಾದಾಗಲೆಲ್ಲ ಕೆಫೆಗೆ ಹೋಗಿ ಅದನ್ನು ನೋಡಿಕೊಂಡು ಬರುತ್ತಿದ್ದೆ, ಗಿಡ ಎಷ್ಟು ಬೆಳೆಯಿತು ಅಂತ ನೋಡುವ ಹಾಗೆ.

ಆಮೇಲೆ ಅಪ್ಪ ಆ ಸೇರು ತಂದ. ಧಾನ್ಯ ಅಳೆಯುವ ಹಿತ್ತಾಳೆ ಸೇರು, ಅಡಿಯಲ್ಲಿ ಸಂಸ್ಥಾನದ ಕಾಲದ ಮುದ್ರೆ. ಸೋಮನಾಥಪುರದ ಕಡೆಯ ಯಾವುದೋ ಮನೆ ಭಾಗವಾದಾಗ ಗುಜರಿಗೆ ಬಂದದ್ದಂತೆ. ಅದಕ್ಕೆ ಬೆಲೆ ಏರಿದ್ದೇ ಏರಿದ್ದು. ಕಡೆಗೆ ಕಾನ್ಪುರದ ಒಬ್ಬರಿಗೆ ಆಯಿತು. ಅವರು ಹಳೇ ತೂಕ, ಅಳತೆ ಇವನ್ನೇ ಕೂಡಿಡುವವರು.

ಸೋಮವಾರ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗಿದರೆ ನಾನು ಹಾಕಿದ್ದ ಲೆಕ್ಕಕ್ಕಿಂತ ಬಹಳ ಹೆಚ್ಚು. ಕೌಂಟರಿನವರು ಕೈಯಲ್ಲಿ ಎತ್ತಿ ನೋಡಿ, "ಏನಮ್ಮ ಒಳಗೆ?" ಅಂದರು.

"ಹಿತ್ತಾಳೆ ಸೇರು ಸಾರ್."

"ಒಳ್ಳೇ ಗಟ್ಟಿ ಹಿತ್ತಾಳೆ."

ನಾನೂ ಹಾಗೇ ಅಂದುಕೊಂಡೆ. ಅಪ್ಪನ ಅಂಗಡಿಯ ತಕ್ಕಡಿ ಗುಜರಿ ತಕ್ಕಡಿ. ಅದು ಸಾಹುಕಾರರ ಕಡೆಗೆ ಸ್ವಲ್ಪ ವಾಲುತ್ತದೆ ಅಂತ ಊರಿಗೇ ಗೊತ್ತು. ಜೊತೆಯ ಹುಡುಗಿಯ ಹತ್ತಿರ ಕೈಬದಲು ಇಸ್ಕೊಂಡು ಕಟ್ಟಿದೆ. ಅಂಚೆಯ ರಸೀದಿಯನ್ನು ಸ್ಕ್ಯಾನ್ ಮಾಡಿಸಿ, ಇಷ್ಟು ಹೆಚ್ಚಾಯಿತು, ದಯವಿಟ್ಟು ಕಳಿಸಿ ಅಂತ ಕಾನ್ಪುರಕ್ಕೆ ಈಮೇಲ್ ಬರೆದೆ. ಅವರು ವಾದ ಮಾಡಿದರು. ಹೇಳಿದ್ದೊಂದು, ಕೇಳುವುದೊಂದು, ಇದು ಯಾವ ವ್ಯಾಪಾರ ಅಂದರು. ನಾನು ರಸೀದಿ ತೋರಿಸಿದೆನಲ್ಲ, ಸುಳ್ಳಾ ಅಂದೆ. ಗೊಣಗಿಕೊಂಡು ಕಳಿಸಿದರು.

ಪಾರ್ಸೆಲ್ ಅವರಿಗೆ ತಲುಪಿದ ಮೇಲೆ ಬಿತ್ತು ಕೆಂಪು. ಇಂಗ್ಲಿಷಿನಲ್ಲಿ ಒಂದೇ ಸಾಲು. ಅದರ ಅರ್ಥ: ಒಳಗೆ ಕಾಳು ತುಂಬಿ ತೂಕ ಏರಿಸಿ ಅಂಚೆ ಹಣ ಕಿತ್ತಿದ್ದಾರೆ, ಹುಷಾರು.

ನಾನು ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಕಾಳು ಅಂದರೆ ಯಾವ ಕಾಳು? ಈ ಮನುಷ್ಯ ಹಣ ವಾಪಸ್ ಕೀಳೋಕೆ ಕಟ್ಟಿದ ಸುಳ್ಳು ಅಂತಲೇ ನನಗೆ ತೋರಿತು. ಮೈಯೆಲ್ಲ ಉರಿಯಿತು. ಕೆಫೆಯವರು ಕುರ್ಚಿ ಎಳೆದುಕೊಂಡು ಬಂದು, "ನೀನೂ ಅವನಿಗೆ ಕೆಂಪು ಹಾಕಮ್ಮ. ಇಲ್ಲಿ ಎಲ್ಲರೂ ಮಾಡೋದು ಅದೇ. ಅವನಿಗೂ ಉರೀಲಿ. ಆಮೇಲೆ ತಾನಾಗೇ ರಾಜಿಗೆ ಬರ್ತಾನೆ," ಅಂದರು.

ನಾನು ಅದನ್ನು ಮಾಡುವ ಮುಂಚೆಯೇ ಇನ್ನೊಂದು ಪೀಕಲಾಟ ಶುರುವಾಯಿತು. ನನ್ನದು ಹೊಸ ಖಾತೆ, ಮಾರಿದ್ದು ಕೈಬೆರಳಲ್ಲಿ ಎಣಿಸುವಷ್ಟು. ಅದರಲ್ಲಿ ಮೋಸ ಅನ್ನುವ ದೂರು ಬಿದ್ದದ್ದಕ್ಕೆ ಸೈಟಿನವರು ಖಾತೆಯನ್ನೇ ತಡೆಹಿಡಿದರು. ಪುಟ ಒತ್ತಿದರೆ ಬಿಳೀ ಪರದೆ, ಮಧ್ಯೆ ಒಂದು ಹಳದಿ ಪಟ್ಟಿ. ನಾನು ಮಾರಿದ ದೀಪವೂ ಇಲ್ಲ, ಡಬ್ಬಿಯೂ ಇಲ್ಲ, ಹಸಿರೂ ಇಲ್ಲ. ವೈವಾಕ್ಕೆ ತೋರಿಸಬೇಕಾದ ಖಾತೆ ಅದೇ.

ಮೇಡಂ ಹತ್ತಿರ ಓಡಿದೆ. ಆ ಮನುಷ್ಯ ಸುಳ್ಳುಗಾರ, ಖಾತೆ ತೆರೆದ ಕೂಡಲೇ ನಾನೂ ಕೆಂಪು ಹಾಕುತ್ತೇನೆ ಅಂದೆ. ಅವರು ಪೇಪರ್ ತಿದ್ದುತ್ತಿದ್ದರು, ತಲೆ ಎತ್ತಲಿಲ್ಲ. "ಪ್ಯಾಕ್ ಮಾಡಿದ್ದು ಯಾರು?"

"ನಮ್ಮಮ್ಮ."

"ಅವರನ್ನು ಕೇಳಿದೆಯಾ?"

ಕೇಳಿರಲಿಲ್ಲ. ಕೇಳಬೇಕು ಅಂತ ಹೊಳೆದೂ ಇರಲಿಲ್ಲ.

ಆ ಸಂಜೆ ಮನೆಗೆ ಹೋದಾಗ ಅವ್ವ ಒಲೆ ಮುಂದೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಅಪ್ಪ ಕೈಕಾಲು ತೊಳೆದು ಆಗಷ್ಟೇ ಒಳಗೆ ಬಂದಿದ್ದ. ನಾನು ಬಾಗಿಲಲ್ಲೇ ನಿಂತು ಕೇಳಿದೆ. "ಅವ್ವ, ಆ ಸೇರಿನೊಳಗೆ ಏನಾದ್ರೂ ಹಾಕಿದ್ಯಾ?"

"ರಾಗಿ ಆಕಿದ್ದೆ."

ಉಪ್ಪು ಹಾಕಿದ್ದೆ ಅಂದ ಹಾಗೆ ಅಂದಳು.

"ಎಷ್ಟು?"

"ಎಷ್ಟು ಅಂದ್ರೆ? ಸೇರು."

"ಯಾಕವ್ವ ಹಾಕ್ದೆ?"

ಅವಳು ಈಗ ನನ್ನ ಮುಖ ನೋಡಿದಳು. ಕಾಲೇಜಿಗೆ ಹೋಗಿ ಇವಳು ಇದನ್ನೂ ಮರೆತಳಾ ಅನ್ನುವ ನೋಟ. "ಅಳ್ಯೋ ಪಾತ್ರೇನ ಬರೀದು ಮಾಡಿ ಒಸ್ಲು ದಾಟ್ಸಾರೇನವ್ವ? ತಗಂಡೋರ್ ಮನೇಗೂ ಒಳ್ಳೇದಲ್ಲ, ಕೊಟ್ಟೋರ್ ಮನೇಗೂ ಒಳ್ಳೇದಲ್ಲ."

"ಅದಕ್ಕೆ ನಾಲ್ಕು ಕಾಳು ಹಾಕಿದ್ದರೆ ಆಗ್ತಿರಲಿಲ್ವಾ?"

"ಸುಣ್ಣದ್ ಡಬ್ಬಿಗೆ ನಾಕ್ ಕಾಳೇ ಆಕಿದ್ದು. ಅದು ಡಬ್ಬಿ. ಇದು ಸೇರು. ಸೇರ್ನ ಅರೆಬರೆ ತುಂಬಿ ಕಳ್ಸುದ್ರೆ ಬರೀದಕ್ಕಿಂತ ಕೆಟ್ಟದ್ದು. ನಿಮ್ಮಜ್ಜಿ ಇದ್ದಿದ್ರೆ ಮ್ಯಾಲೆ ಗೋಪುರ ಮಾಡಿ ಅಳ್ದು ಕಳ್ಸೋರು. ನಾನು ಬಟ್ಟೆ ಕಟ್ಟಾಕೆ ಆಗಕಿಲ್ಲ ಅಂತ ಕೈಯಲ್ಲಿ ಸವರ್ದೆ."

ಅಪ್ಪ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ, "ನಮ್ಮನೇಲಿ ರಾಗಿ ಯಾಕ್ ಇಷ್ಟ್ ಬಿರ್ನೆ ಮುಗ್ದೋಯ್ತು ಅಂತ ನಾನೂ ನೋಡ್ತಾ ಇದ್ದೆ," ಅಂದ. ಅವ್ವನಿಗೆ ಸಿಟ್ಟು ಬಂತು. "ನಿನ್ ಮಗಳ್ ಪಾರ್ಸಲ್ಲು ಚೆನ್ನಾಗ್ ಓಗ್ಲಿ ಅಂತ ಆಕ್ದೆ. ನನ್ ತೌರಿಗಾ ಕಳುಸ್ದೆ?"

ಖಾತೆ ಮುಚ್ಚಿರುವ ಸಂಗತಿ ಹೇಳಿದೆ. ವೈವಾ ಹತ್ತಿರ ಬಂದಿದೆ, ಅದು ತೆರೆಯದಿದ್ದರೆ ಡಿಗ್ರಿ ಇಲ್ಲ ಅಂದೆ. ಅವ್ವ ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು.

ಮಾರನೆಯ ದಿನವೇ ಸುದ್ದಿ ದೊಡ್ಡಪ್ಪನಿಗೆ ಮುಟ್ಟಿತು. ಅವರು ಬೀದಿಯಿಂದಲೇ ಕೂಗಿದರು: "ಏನ್ಲಾ ತಮ್ಮ, ಕಾನ್ಪುರ್ದೋರಿಗೆ ಬಿಟ್ಟಿ ರಾಗಿ ಕೊಡ್ತಿದ್ದೀಯಂತೆ. ನಮಗೂ ಒಂದ್ ಸೇರು ಅಳಿ." ದೊಡ್ಡಪ್ಪನ ಮಾತಿಗೆ ಅಪ್ಪ ಉತ್ತರ ಕೊಡದೇ ಇದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಈಗ ಕಾನ್ಪುರಕ್ಕೆ ಬರೆಯಬೇಕಾಗಿತ್ತು. ಏನಂತ ಬರೆಯುವುದು? ನಮ್ಮಮ್ಮ ತಪ್ಪು ಮಾಡಿದಳು ಅಂತ ಬರೆದರೆ ಸುಲಭ. ಹೊರಡುವಾಗ ಅವ್ವ ಸೆರಗು ಕೈಗೆ ಸುತ್ತಿಕೊಂಡು ನಿಂತು, "ತಪ್ಪಾಯ್ತು ಅಂತ ಮಾತ್ರ ಬರೀಬ್ಯಾಡ ಕಣವ್ವ. ಬ್ಯಾರೆ ಏನ್ ಬೇಕಾರೂ ಬರ್ಕೊ," ಅಂದಿದ್ದಳು. ಕೆಫೆಯವರು ಇನ್ನೂ ಕೆಂಪಿನ ಮೇಲೇ ಇದ್ದರು. ನಾನು ಮೊದಲೇ ಟೈಪ್ ಮಾಡಿಟ್ಟಿದ್ದ ಬೈಗುಳವನ್ನು ಅಳಿಸಿದೆ. ನಮ್ಮ ಕಡೆ ಅಳತೆಯ ಪಾತ್ರೆಯನ್ನು ಬರಿದಾಗಿ ಮನೆಯಿಂದ ಕಳಿಸುವುದಿಲ್ಲ, ನಿಮ್ಮ ಮನೆ ತುಂಬಿರಲಿ ಅಂತ ನಮ್ಮ ತಾಯಿ ತುಂಬಿದ್ದಾರೆ, ನನಗೆ ತಿಳಿಯದೆ ನಿಮ್ಮ ಹತ್ತಿರ ಹೆಚ್ಚಿನ ಅಂಚೆ ಹಣ ಕೇಳಿದೆ, ಅದನ್ನು ವಾಪಸ್ ಕಳಿಸುತ್ತೇನೆ ಅಂತ ಬರೆದೆ. ನಾನು ಓದುತ್ತಿರುವುದು, ವೈವಾ ಇರುವುದು ಎಲ್ಲಾ ಬರೆದೆ. ನನ್ನ ಇಂಗ್ಲಿಷಿನಲ್ಲಿ ಒಂದು ಪುಟ ಬರೆಯೋಕೆ ಎರಡು ಗಂಟೆ ಹಿಡಿಯಿತು. ಕೆಫೆಯವರು ಒಂದು ಗಂಟೆಯದು ಮಾತ್ರ ತೆಗೆದುಕೊಂಡರು.

ಉತ್ತರ ಬರಲಿಲ್ಲ. ವರದಿ ಬೈಂಡಿಂಗಿಗೆ ಹೋಯಿತು. ದಿನಾ ಕ್ಲಾಸು ಮುಗಿಸಿ ಕೆಫೆಗೆ ಹೋಗಿ ಬಾಗಿಲಿನಿಂದಲೇ ನೋಡುವೆ, ಅವರು ಅಲ್ಲಿಂದಲೇ ತಲೆ ಅಲ್ಲಾಡಿಸುವರು. ಮನೆಯಲ್ಲಿ ಅವ್ವ ನನ್ನ ಚಪ್ಪಲಿ ಸದ್ದು ಕೇಳಿದರೆ ಮುಖ ಎತ್ತುವಳು, ನೋಡಿ ಮತ್ತೆ ಕೆಲಸಕ್ಕೆ ಬಗ್ಗುವಳು.

ಕಡೆಗೊಂದು ಮಧ್ಯಾಹ್ನ ಕೆಫೆಯವರು ತಲೆ ಅಲ್ಲಾಡಿಸಲಿಲ್ಲ. "ಬಾ ಬಾ, ಬಂದಿದೆ. ನಾನು ಓದಿಲ್ಲ," ಅಂದರು. ಓದಿದ್ದರು, ಮುಖ ನೋಡಿದರೇ ತಿಳಿಯುತ್ತಿತ್ತು.

ಕಾನ್ಪುರದವರು ಉದ್ದಕ್ಕೆ ಬರೆದಿದ್ದರು. ಊರಿನಲ್ಲಿರಲಿಲ್ಲವಂತೆ. ಅವರ ಕಡೆಯೂ ಪಾತ್ರೆಯನ್ನು ಖಾಲಿ ಕಳಿಸುವುದಿಲ್ಲವಂತೆ. "ಆದರೆ ನಾವು ಒಂದು ತುಂಡು ಬೆಲ್ಲ ಇಡುತ್ತೇವೆ. ಪಾತ್ರೆ ತುಂಬಾ ಹಾಕಿ ಅಂಚೆಗೆ ಕೊಡುವುದಿಲ್ಲ. ಈ ಕೆಂಪು ಕಾಳು ಏನಂತ ಗೊತ್ತಾಗದೆ ನನ್ನ ಹೆಂಡತಿ ಅರ್ಧ ಪಾರಿವಾಳಕ್ಕೆ ಹಾಕಿದ್ದಾಳೆ. ಉಳಿದದ್ದನ್ನು ಏನು ಮಾಡಬೇಕು ಅಂತ ಕೇಳುತ್ತಿದ್ದಾಳೆ." ಅದರ ಕೆಳಗೆ ವ್ಯವಹಾರ. ಪಾತ್ರೆಯ ಅಂಚೆ ನನ್ನದು, ಕಾಳಿನ ಅಂಚೆ ನಿಮ್ಮದು, ಅಷ್ಟನ್ನು ಮಾತ್ರ ವಾಪಸ್ ಕಳಿಸಿ, ಒಂದು ಪೈಸೆ ಹೆಚ್ಚೂ ಬೇಡ ಕಡಿಮೆಯೂ ಬೇಡ. ಬಂದ ದಿನ ಕೆಂಪನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಅಪ್ಪ ಸಾಹುಕಾರರ ಹತ್ತಿರ ವಾರದ ಕೂಲಿ ಮುಂಗಡ ಇಸ್ಕೊಂಡು ಬಂದ. ಕಾನ್ಪುರದವರ ಮಾತನ್ನು ಅವ್ವನಿಗೆ ಹೇಳಿದಾಗ ಅವಳು ಬೆಲ್ಲದ ವಿಷಯವನ್ನೇ ಹಿಡಿದುಕೊಂಡಳು. "ಅಷ್ಟ್ ದೂರ ಬೆಲ್ಲ ಕಳ್ಸುದ್ರೆ ಇರ್ವೆ ಮುತ್ಕೊಂಡು ಕರಗೋಗದಾ? ಅವ್ರಿಗೇನ್ ತಿಳೀತದೆ." ಸ್ವಲ್ಪ ಹೊತ್ತು ಬಿಟ್ಟು, "ಅಂಬಲಿ ಮಾಡಾಕೆ ಏಳವ್ವ ಆ ಯಮ್ಮಂಗೆ. ಪಾರಿವಾಳಕ್ಕೆ ಆಕ್ಬುಟ್ಟಾರು," ಅಂದಳು. ಅಂಬಲಿ ಮಾಡುವ ಕ್ರಮವನ್ನು ಇಂಗ್ಲಿಷಿನಲ್ಲಿ ಬರೆದದ್ದೂ ನಾನೇ.

ಫೀಡ್‌ಬ್ಯಾಕ್ ಹಿಂದಕ್ಕೆ ಪಡೆಯಬೇಕಾದರೆ ಸೈಟಿನವರು ಈಮೇಲಿಗೆ ಕಳಿಸುವ ಲಿಂಕಿನಲ್ಲಿ ಇಬ್ಬರೂ ಒಪ್ಪಿಗೆ ಒತ್ತಬೇಕು. ನಾನು ಒತ್ತಿದೆ. ಅವರು ಮಾತಿಗೆ ತಪ್ಪಲಿಲ್ಲ, ಹಣ ಸೇರಿದ ದಿನವೇ ಒತ್ತಿದರು. ಆದರೆ ಖಾತೆ ತೆರೆಯುವುದು ಸೈಟಿನವರ ಕೈಲಿತ್ತು, ಅವರು ಪರಿಶೀಲಿಸುತ್ತೇವೆ ಅಂದರು. ವೈವಾದ ಬೆಳಿಗ್ಗೆ ಬಸ್ಸಿಳಿದು ನೇರ ಕೆಫೆಗೆ ಹೋದೆ. ಅಂಗಡಿಯ ಶಟರ್ ಇನ್ನೂ ಅರ್ಧ ಮಾತ್ರ ಎತ್ತಿತ್ತು. ಬಗ್ಗಿ ಒಳಗೆ ನುಗ್ಗಿ ಕೂತೆ. ಪುಟ ಮೇಲಿನಿಂದ ಕೆಳಕ್ಕೆ ನಿಧಾನ ಬಿಚ್ಚಿಕೊಂಡಿತು: ಮೊದಲು ನನ್ನ ಹೆಸರು, ಆಮೇಲೆ ದೀಪ, ಆಮೇಲೆ ಸುಣ್ಣದ ಡಬ್ಬಿ. ಹಳದಿ ಪಟ್ಟಿ ಇರಲಿಲ್ಲ. ನಾನು ಮೇಜಿಗೆ ಹಣೆ ಇಟ್ಟು ಹಾಗೇ ಕೂತುಬಿಟ್ಟೆ. ಕೆಫೆಯವರು ಫ್ಯಾನು ನನ್ನ ಕಡೆ ತಿರುಗಿಸಿದರು.

ಎಕ್ಸ್‌ಟರ್ನಲ್ ವಯಸ್ಸಾದವರು. ಕಾಲೇಜಿನ ಲ್ಯಾಬಿನಲ್ಲಿ ಕನ್ನಡಕ ಮೂಗಿಗೆ ಇಳಿಸಿಕೊಂಡು ನನ್ನ ಪುಟವನ್ನು ಒಂದೊಂದೇ ಸಾಲು ಓದಿದರು. ಕೆಂಪು ಲೆಕ್ಕದಿಂದ ಹೋಗಿದ್ದರೂ ಆ ಸಾಲು ಅಲ್ಲೇ ಉಳಿದಿತ್ತು, ಹಿಂದಕ್ಕೆ ಪಡೆಯಲಾಗಿದೆ ಅನ್ನುವ ಟಿಪ್ಪಣಿಯ ಜೊತೆ. ಅವರ ಬೆರಳು ಅಲ್ಲೇ ನಿಂತಿತು.

"ಇದೇನಮ್ಮ, ಕಾಳು?"

ಹೇಳಿದೆ. ಇಂಗ್ಲಿಷಿನಲ್ಲಿ ಶುರು ಮಾಡಿದವಳು ಅರ್ಧದಲ್ಲಿ ಕನ್ನಡಕ್ಕೆ ಬಂದುಬಿಟ್ಟೆ. ಅವರು ತಡೆಯಲಿಲ್ಲ. ಎಲ್ಲ ಕೇಳಿ, "ಇದರಿಂದ ಏನು ಕಲಿತೆ?" ಅಂದರು.

"ಪ್ಯಾಕ್ ಆದ ಮೇಲೆ ತೂಗಬೇಕು ಸಾರ್. ಆಮೇಲೆ ಅಂಚೆ ಖರ್ಚು ಹೇಳಬೇಕು."

"ಇನ್ನೇನು?"

"ಕೆಂಪಿಗೆ ಕೆಂಪು ಹಾಕೋ ಮುಂಚೆ ಮನೇಲಿ ಕೇಳಬೇಕು."

ಅವರು ಮೇಡಂ ಕಡೆ ತಿರುಗಿ, "ಇವತ್ತು ನಾನು ನೋಡಿದ್ದರಲ್ಲಿ ಸ್ವಂತವಾಗಿ ಮಾಡಿದ ಪ್ರಾಜೆಕ್ಟು ಇದೊಂದೇ," ಅಂದರು. ವರದಿಯ ಮೇಲೆ ಸಹಿ ಬಿತ್ತು.

ಆ ಸಂಜೆಯ ಬಸ್ಸಿನಲ್ಲಿ ನನಗೆ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಎಷ್ಟೋ ವಾರದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಸುತ್ತೂರು ಬಂದದ್ದು, ಹೋದದ್ದು ಏನೂ ಗೊತ್ತಾಗಲಿಲ್ಲ. ನರಸೀಪುರದಲ್ಲಿ ಕಂಡಕ್ಟರೇ ಎಬ್ಬಿಸಿದ. ಮನೆಗೆ ಹೋಗಿ ಪಾಸು ಅಂದೆ. ಅವ್ವ, "ಉಣ್ಣು ಬಾ," ಅಂದಳು. ಅವತ್ತು ಅವಳು ನನಗಿಂತ ಹೆಚ್ಚು ಉಂಡಳು.

ರಿಸಲ್ಟ್ ಬಂತು, ಎಲ್ಲಾ ಪೇಪರ್ ಪಾಸು. ಸರ್ಟಿಫಿಕೇಟ್ ಕಾಲೇಜಿಗೆ ಬಂದಿದೆ ಅಂತ ತಿಳಿದ ದಿನ ಅಪ್ಪ ಕೆಲಸಕ್ಕೆ ರಜೆ ಹಾಕಿ ಜೊತೆಗೆ ಬಂದ. ಮೂರು ವರ್ಷ ಬಸ್ ಚಾರ್ಜು ಕೊಟ್ಟಿದ್ದವನು ಆ ಕಾಲೇಜನ್ನು ಒಂದು ಸಲವೂ ನೋಡಿರಲಿಲ್ಲ. ಬಿಳೀ ಅಂಗಿ ಹಾಕಿದ್ದ. ಎಷ್ಟು ಸೋಪು ಹಾಕಿ ತಿಕ್ಕಿದ್ದರೂ ಬೆರಳ ಸಂದಿಯಲ್ಲಿ ಹಿತ್ತಾಳೆಯ ಹಸಿರು ಹಾಗೇ ಇತ್ತು. ಆಫೀಸಿನಲ್ಲಿ ನಾನು ಸಹಿ ಹಾಕುತ್ತಿದ್ದಾಗ ಗುಮಾಸ್ತರು ಸರ್ಟಿಫಿಕೇಟನ್ನು ಅಪ್ಪನ ಕಡೆಗೇ ಚಾಚಿದರು. ಅಪ್ಪ ಎರಡೂ ಅಂಗೈ ಅಂಗಿಗೆ ಒರೆಸಿಕೊಂಡು ಅಂಚು ಮಾತ್ರ ಹಿಡಿದು ತೆಗೆದುಕೊಂಡ. ಓದಲು ಬಾರದವನು ಅದನ್ನು ಮೇಲಿನಿಂದ ಕೆಳಗಿನ ತನಕ ಪೂರ್ತಿ ನೋಡಿದ. ಆಮೇಲೆ ಗುಮಾಸ್ತರಿಗೆ ಕೇಳಿಸದ ಹಾಗೆ ನನ್ನ ಕಡೆ ಬಗ್ಗಿ ಕೇಳಿದ:

"ಇದ್ನ ಇನ್ ಯಾರೂ ವಾಪಸ್ ಇಸ್ಕಳಕಿಲ್ಲ ತಾನೇ, ಮಗ?"